ಸೆರೆಮನೆಯ ಮುಂದೆ ಹಿಡಿದ ತೆರೆ

ಹೊಂಗೆಪುರದ ಅರಸು ಬೊಮ್ಮರಸನಿಗೆ ರಾಜ್ಯ ಆಳುವುದಕ್ಕಿಂತ ನಾಟಕ ಬರೆಯುವುದರಲ್ಲೇ ಹೆಚ್ಚು ಆಸಕ್ತಿ. ಅದರಿಂದ ರಾಜ್ಯಕ್ಕೆ ಅನುಕೂಲವೇ ಆಗಿತ್ತು. ತೊಂದರೆಯೆಲ್ಲ ನಾಟಕಕ್ಕೆ.

ಜನ ಮಾತ್ರ ಅವನ ನಾಟಕವನ್ನು ಹನ್ನೊಂದು ಸಲ ಮುಗಿಬಿದ್ದು ನೋಡಿದ್ದರು. ಹಾಡುಗಳೆಲ್ಲ ಬಾಯಿಪಾಠ. ಮನೆಗೆ ಹೋಗುವ ದಾರಿಯಲ್ಲಷ್ಟೇ ಅನುಮಾನಗಳು ಏಳುತ್ತಿದ್ದವು. ಹನ್ನೆರಡು ವರ್ಷ ಕಾಡಿನಲ್ಲಿ ಅಲೆದ ನಾಯಕನಿಗೆ ದಿನಾ ಗಡ್ಡ ಬೋಳಿಸಿದವರು ಯಾರು? ಹಾವು ಕಚ್ಚಿ ಸತ್ತ ಮಂತ್ರಿ ಕೊನೆಯ ಮದುವೆಯಲ್ಲಿ ಲಾಡು ಹಂಚುತ್ತಾನಲ್ಲ, ಅದು ಹೇಗೆ?

ಹನ್ನೊಂದನೆಯ ಸಲ ಆಟ ಮುಗಿದಾಗ ಅರಸು ಮೀಸೆ ತಿರುವಿದ. "ನನ್ನ ಕತೆಯಲ್ಲಿ ಒಂದೇ ಒಂದು ತೂತು ತೋರಿಸಿ, ನೋಡೋಣ!"

ಮದ್ದಳೆ ನುಡಿಸುವ ಮುದುಕ ಕೂಸಪ್ಪ ಮಾತ್ರ ಕೈ ಎತ್ತಿದ.

"ನಾಯಕನನ್ನು ಸೆರೆಗೆ ಹಾಕ್ತಾರೆ, ಬುದ್ಧಿ. ಇಬ್ಬರು ಬಂದು ತೆರೆ ಹಿಡೀತಾರೆ. ತೆರೆ ಸರಿದರೆ ಅವನು ತೋಟದಲ್ಲಿ ರಾಜಕುಮಾರಿ ಜೊತೆ ಹಾಡ್ತಾ ಇದ್ದಾನೆ. ಹೊರಗೆ ಹೇಗೆ ಬಂದ?"

ಅರಸು ಕೆಂಡವಾದ. "ಇವನನ್ನು ಒಳಗೆ ಹಾಕಿ! ಸೆರೆಯಿಂದ ಹೇಗೆ ಹೊರಗೆ ಬಂದ ಅಂತ ಇನ್ನು ಯಾರೇ ಕೇಳಲಿ, ಅವರೂ ಒಳಗೆ! ಯಾರೇ ಆಗಲಿ!"

ಆಸ್ಥಾನದ ವಿದೂಷಕ ಸಂಕಣ್ಣ ಅಂದೇ ಮುದುಕನನ್ನು ಬಿಡಿಸುವ ದಾರಿ ಹುಡುಕತೊಡಗಿದ. ಅವನಿಗೆ ತಾಳ ಕಲಿಸಿದವನು ಕೂಸಪ್ಪ. ಎಪ್ಪತ್ತು ದಾಟಿದ ಜೀವ, ಸೆರೆಯ ಥಂಡಿಗೆ ಒಂದು ತಿಂಗಳೂ ಬಾಳುವುದಿಲ್ಲ.

ಸೆರೆಮನೆಯ ಕಾವಲುಗಾರ ಬೈರ ನಾಟಕದಲ್ಲೂ ಕಾವಲುಗಾರನೇ. ಸಹಜವಾಗಿರಲಿ ಎಂದು ಅರಸನೇ ಅವನನ್ನು ಆರಿಸಿ, ಬೆತ್ತ ಹಿಡಿದು ಪಾಠ ಹೇಳಿದ್ದ: ತೆರೆ ಹಿಡಿದ ಕೂಡಲೇ ಬಾಗಿಲು ತೆಗೆ, ಒಳಗಿದ್ದವನನ್ನು ಬಿಡು, ಬಾಯಿ ಬಿಡಬೇಡ.

ಮರುದಿನ ಬೆಳಿಗ್ಗೆ ಸಂಕಣ್ಣ ತೆರೆ ಹಿಡಿಯುವ ಇಬ್ಬರನ್ನೂ ಕರೆದುಕೊಂಡು ಸೆರೆಮನೆಗೆ ಹೋದ. ಅವರು ಬಾಗಿಲ ಮುಂದೆ ತೆರೆ ಹಿಡಿದರು.

ಬೈರನ ಕೈ ತಾನಾಗಿ ಬೀಗದ ಕಡೆಗೆ ಹೋಗಿ ಅರ್ಧದಲ್ಲಿ ನಿಂತಿತು. "ಇದು ನಿಜವಾದ ಸೆರೆ ಅಲ್ವಾ, ಸ್ವಾಮಿ?"

"ತೆರೆ ಯಾರದು?"

"ಅರಮನೇದು."

"ತೆರೆ ಹಿಡಿದಾಗ ಏನು ಮಾಡಬೇಕು ಅಂತ ಹೇಳಿಕೊಟ್ಟವರು?"

"ಅರಸರೇ."

"ಅದರಲ್ಲಿ ಪ್ರಶ್ನೆ ಕೇಳೋದೂ ಇತ್ತಾ?"

ಬೈರ ಬೆತ್ತ ನೆನೆಸಿಕೊಂಡು ಬೀಗ ತೆಗೆದ.

ಅರಸು ಸಭೆಗೆ ಬಂದಾಗ ಕೂಸಪ್ಪ ತನ್ನ ಜಾಗದಲ್ಲಿ ಕೂತು ಮದ್ದಳೆಗೆ ಶ್ರುತಿ ಮಾಡುತ್ತಿದ್ದ.

"ಇವನು ಸೆರೆಯಿಂದ ಹೇಗೆ ಹೊರಗೆ ಬಂದ?" ಅರಸು ಗುಡುಗಿದ.

ಸಂಕಣ್ಣ ಕೈಮುಗಿದು, ಸಭೆಯ ಬಾಗಿಲಲ್ಲಿ ನಿಂತಿದ್ದ ಬೈರನ ಕಡೆ ತಿರುಗಿದ.

"ಬೈರಾ, ಕೋಣೆ ಖಾಲಿ ಇದೆಯೇನಯ್ಯ?"

"ಗುಡಿಸಿ ಇಟ್ಟಿದ್ದೀನಿ, ಸ್ವಾಮಿ."

ಅರಸನಿಗೆ ತನ್ನ ಆಜ್ಞೆ ಆಗ ನೆನಪಾಯಿತು. ಅವನ ದನಿ ಇಳಿಯಿತು. "ಸಂಕಣ್ಣಾ, ನನ್ನನ್ನೇ ಒಳಗೆ ಹಾಕ್ತೀಯಾ?"

"ಅಪ್ಪಣೆ ತಮ್ಮದೇ, ಪ್ರಭು. ಆದರೆ ಚಿಂತೆ ಬೇಡ. ತೆರೆ ಹಿಡಿಯೋ ಇಬ್ಬರೂ ಹೊರಗೇ ನಿಂತಿದ್ದಾರೆ. ಸಂಜೆ ಹೊತ್ತಿಗೆ ತಾವು ತೋಟದಲ್ಲಿ ರಾಣಿಯವರ ಜೊತೆ ಹಾಡ್ತಾ ಇರ್ತೀರಿ. ಹೇಗೆ ಬಂದಿರಿ ಅಂತ ಕೇಳೋ ಧೈರ್ಯ ಯಾರಿಗೂ ಇಲ್ಲ."

ಅರಸು ಸಂಕಣ್ಣನನ್ನು ನೋಡಿದ, ಬೈರನನ್ನು ನೋಡಿದ. ಆಮೇಲೆ ಕಿರೀಟ ಜಾರುವಷ್ಟು ನಕ್ಕ. ಆಜ್ಞೆ ರದ್ದಾಯಿತು. ಸಂಕಣ್ಣನ ಬೆರಳಿಗೆ ಉಂಗುರ ಬಂತು. ಕೂಸಪ್ಪನಿಗೆ ಅರಸನೇ ಶಾಲು ಹೊದಿಸಿ ಪಕ್ಕದಲ್ಲಿ ಕೂರಿಸಿಕೊಂಡ.

"ನಾಯಕ ಸೆರೆಯಿಂದ ಹೊರಗೆ ಬರೋ ದೃಶ್ಯ ಇವತ್ತೇ ಬರೆದು ಸೇರಿಸ್ತೀನಿ, ಅಜ್ಜ. ಈಗ ಸಮಾಧಾನವಾಯ್ತೇ?"

ಕೂಸಪ್ಪ ಶಾಲನ್ನು ಬಿಗಿಯಾಗಿ ಸುತ್ತಿಕೊಂಡ.

"ಆಯ್ತು, ಬುದ್ಧಿ. ಈಗ ಆ ಲಾಡು ಹಂಚೋ ಮಂತ್ರಿ ವಿಷಯಕ್ಕೆ ಬರೋಣ."