ಆಚಾರ್ರ ಏಣಿ ಹತ್ತುವ ಕ್ರಮ

"ನಾನು ಮಾಡಿದ ಏಣಿ ಮುರಿಯಬೇಕಾದರೆ ಮೊದಲು ಆಕಾಶ ಮುರಿದು ಬೀಳಬೇಕು!"

ಬಿಲ್ಲಗುಂದಿ ಅರಮನೆಯ ಮರಗೆಲಸ ಮಾಡುತ್ತಿದ್ದ ಮೌನೇಶಾಚಾರಿ ಹೀಗೆ ಕೊಚ್ಚಿಕೊಂಡದ್ದು ತುಂಬಿದ ಸಭೆಯಲ್ಲಿ. ಹೆಸರಿಗಷ್ಟೇ ಮೌನೇಶ. ಅವನ ಬಾಯಿ ಮುಚ್ಚಿದ್ದನ್ನು ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ.

ಅವನ ಎದುರಿಗೆ ಹೂವಾಡಗಿತ್ತಿ ನಿಂಗಾಜಮ್ಮ ಬಲಗೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ನಿಂತಿದ್ದಳು. ಹಿಂದಿನ ದಿನ ಅರಮನೆ ಬಾಗಿಲಿಗೆ ತೋರಣ ಕಟ್ಟಲು ಆಚಾರಿಯ ಏಣಿ ಹತ್ತಿದ್ದಳು. ನಾಲ್ಕನೇ ಮೆಟ್ಟಿಲು ಲಟಕ್ಕೆಂದಿತು. ಕೆಳಗೆ ಬಿದ್ದಾಗ ಕೈಯೂ ಲಟಕ್ಕೆಂದಿತು. ಆಕಾಶ ಮಾತ್ರ ಇದ್ದಲ್ಲೇ ಇತ್ತು.

"ಬುದ್ಧೀ," ಎಂದಳು ನಿಂಗಾಜಮ್ಮ ರಾಜನಿಗೆ. "ನಾಳೆ ನವರಾತ್ರಿ ಶುರು. ಒಂಬತ್ತು ಸಂಜೆಯೂ ದೇವಿಗೆ ಮಾಲೆ ಕಟ್ಟಿದವರಿಗೇ ವರ್ಷವಿಡೀ ಅರಮನೆ ಹೂವಿನ ಕೆಲಸ. ನಮ್ಮತ್ತೆ ಕಾಲದಿಂದ ಬಂದ ಪದ್ಧತಿ. ಒಂದು ಸಂಜೆ ತಪ್ಪಿದರೂ ಕೆಲಸ ಬೇರೆಯವರ ಪಾಲು. ಒಂದೇ ಕೈಯಲ್ಲಿ ಹೂ ಹೇಗೆ ಕಟ್ಟಲಿ? ಆಚಾರ್ರೇ ದಾರಿ ತೋರಿಸಲಿ."

"ನಾನ್ಯಾಕೆ ತೋರಿಸಲಿ? ಏಣಿ ಸರಿಯಾಗೇ ಇತ್ತು. ಇವಳಿಗೆ ಹತ್ತೋದು ಗೊತ್ತಿಲ್ಲ. ಒಳ್ಳೆ ಏಣಿ ಮುರಿದುಹಾಕಿದ್ದಕ್ಕೆ ಇವಳೇ ನನ್ನ ಕಾಲಿಗೆ ಬೀಳಬೇಕು!"

ರಾಜ ದುರ್ಗಪ್ಪನಾಯಕ ಗಡ್ಡ ಕೆರೆದುಕೊಂಡು ಪಕ್ಕಕ್ಕೆ ನೋಡಿದ. ಅಲ್ಲಿ ಅಡವಯ್ಯ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ. ರಾಜನಿಗೆ ಎಲೆಅಡಿಕೆ ಮಡಿಸಿಕೊಡುವುದು ಅವನ ಕೆಲಸ. ಮಂತ್ರಿಗಳಿಗೆ ಹೊಳೆಯದ್ದು ಎಷ್ಟೋ ಸಲ ಅವನಿಗೆ ಹೊಳೆಯುತ್ತಿತ್ತು.

"ಆಚಾರ್ರೇ," ಎಂದ ಅಡವಯ್ಯ ಬಲು ವಿನಯದಿಂದ, "ನಾವೆಲ್ಲ ದಡ್ಡರು. ನಿಮ್ಮ ಏಣಿ ಹತ್ತುವ ಕ್ರಮ ಹೇಳಿಕೊಡಬಾರದೇ?"

ಆಚಾರಿ ಉಬ್ಬಿಹೋದ. "ಕೇಳು ಮತ್ತೆ. ತಲೆ ಮೇಲೆ ಹೊರೆ ಇರಕೂಡದು. ಇವಳ ತಲೆ ಮೇಲೆ ಹೂವಿನ ಬುಟ್ಟಿ ಇತ್ತು."

"ಅಬ್ಬಬ್ಬಾ, ಹೂವಿನ ಬುಟ್ಟಿ! ಆಮೇಲೆ?"

"ಊಟ ಮಾಡಿ ಹತ್ತಕೂಡದು."

"ಊಟ ಮಾಡಿದ್ದೆಯೇನಮ್ಮಾ?"

"ಒಂದೇ ಮುದ್ದೆ ಅಯ್ಯಾ," ಎಂದಳು ನಿಂಗಾಜಮ್ಮ, ಕದ್ದು ತಿಂದವಳ ಹಾಗೆ ತಲೆತಗ್ಗಿಸಿ.

"ನೋಡಿದಿರಾ!" ಆಚಾರಿ ತೊಡೆ ತಟ್ಟಿದ. "ಮೆಟ್ಟಿಲ ನಟ್ಟನಡುವೆ ಕಾಲಿಡಕೂಡದು. ಹತ್ತುವಾಗ ಸೀನಕೂಡದು. ನಾಲ್ಕನೇ ಮೆಟ್ಟಿಲ ಮೇಲಂತೂ ನಿಲ್ಲಲೇಕೂಡದು."

"ಏಣಿ ಕೊಡುವಾಗ ಇದನ್ನೆಲ್ಲ ಆಕೆಗೆ ಹೇಳಿದ್ದಿರಾ?"

"ತಲೆ ಇದ್ದವರಿಗೆ ಹೇಳಬೇಕೇನಯ್ಯಾ?"

"ಬೇಡ ಬೇಡ. ಆದರೂ ಬರೆಸಿಡೋಣ."

ಕರಣಿಕ ಬರೆದ. ಆಚಾರಿ ಹೆಮ್ಮೆಯಿಂದ ಕೆಳಗೆ ತನ್ನ ಮುದ್ರೆ ಒತ್ತಿದ. ಅಡವಯ್ಯ ರಾಜನ ಕೈಗೆ ಎಲೆ ಕೊಡುತ್ತಾ, "ತೀರ್ಪು ನಾಳೆ ಕೊಡಿ ಮಹಾಸ್ವಾಮಿ," ಎಂದು ಮೆಲ್ಲನೆ ಹೇಳಿದ.

ಮಾರನೆಯ ಬೆಳಿಗ್ಗೆ ಅಂಬಾರಿ ಹೊತ್ತ ಆನೆ ಅರಮನೆ ಮುಂದೆ ನಿಂತಿತ್ತು. ರಾಜ ಮೆರವಣಿಗೆಯಲ್ಲಿ ದೇವಿಯ ಗುಡಿಗೆ ಹೋಗಬೇಕು. ಆನೆಗೆ ಒರಗಿಸಿದ್ದು ಆಚಾರಿಯದೇ ಏಣಿ, ಮುರಿದದ್ದರ ಜೋಡಿ. ತಲೆ ಮೇಲೆ ಕಿರೀಟ, ಸೊಂಟದಲ್ಲಿ ಕತ್ತಿ, ಹೊಟ್ಟೆ ತುಂಬ ತುಪ್ಪದ ಪೊಂಗಲು ಹೊತ್ತು ರಾಜ ಬಂದ. ಮೊದಲ ಮೆಟ್ಟಿಲಿಗೆ ಕಾಲೆತ್ತಿದ.

ಅಡವಯ್ಯ ಕೈ ಎತ್ತಿದ. ವಾದ್ಯ ನಿಂತಿತು. ಡಂಗುರದವನು ಓಲೆ ಬಿಚ್ಚಿ ಊರಿಗೆಲ್ಲ ಕೇಳುವಂತೆ ಕೂಗಿದ.

"ಈ ಏಣಿ ಹತ್ತುವವರ ತಲೆ ಮೇಲೆ ಹೊರೆ ಇರಕೂಡದು!"

ರಾಜ ಕಿರೀಟ ಮುಟ್ಟಿ ನೋಡಿಕೊಂಡ.

"ಊಟ ಮಾಡಿರಕೂಡದು!"

ಜನರೆಲ್ಲ ರಾಜನ ಹೊಟ್ಟೆ ನೋಡಿದರು.

"ಸೀನಕೂಡದು!"

ಅಲ್ಲಿಯವರೆಗೆ ಎಲ್ಲೂ ಇಲ್ಲದ ಸೀನು ರಾಜನ ಮೂಗಿನ ತುದಿಗೆ ಬಂದು ಕೂತಿತು. ಎತ್ತಿದ ಕಾಲನ್ನು ಇಳಿಸಿ ಗುಡುಗಿದ: "ಯಾವನೋ ಅವನು, ನನಗೂ ಈ ಕ್ರಮ ಹೇಳುವವನು?"

"ಆಚಾರ್ರ ಮುದ್ರೆ ಇದೆ, ಮಹಾಸ್ವಾಮಿ," ಎಂದ ಅಡವಯ್ಯ.

ಗುಂಪಿನಲ್ಲಿದ್ದ ಆಚಾರಿ ಓಡಿಬಂದು ಕೈಮುಗಿದ. "ಮಹಾಪ್ರಭೂ, ಆ ಕ್ರಮ ಸಾಮಾನ್ಯರಿಗೆ! ತಾವು ಕಿರೀಟವೇನು, ಆ ಆನೆಯನ್ನೇ ತಲೆ ಮೇಲಿಟ್ಟುಕೊಂಡು ಹತ್ತಬಹುದು."

"ಒಳ್ಳೇದಾಯಿತು," ಎಂದ ಅಡವಯ್ಯ. "ಒಂದೇ ಒಂದು ಮಾತು ಆಚಾರ್ರೇ. ಮೆಟ್ಟಿಲು ಮುರಿದು ಪ್ರಭುಗಳು ಬಿದ್ದರೆ ತಪ್ಪು ಯಾರದು? ಹತ್ತಿದವರದೋ, ಮಾಡಿದವರದೋ?"

ಆಚಾರಿ ರಾಜನ ಮುಖ ನೋಡಿದ, ಕತ್ತಿ ನೋಡಿದ. ಅವನ ಬಾಯಿ ಮುಚ್ಚಿದ್ದನ್ನು ಬಿಲ್ಲಗುಂದಿಯವರು ಅವತ್ತೇ ಮೊದಲು ಕಂಡದ್ದು.

"ಹೇಳಯ್ಯಾ!" ಎಂದ ರಾಜ.

"ಮಾ... ಮಾಡಿದವನದು, ಪ್ರಭೂ."

"ಎರಡು ಏಣಿಯೂ ಒಂದೇ ಮರದ್ದು, ಒಂದೇ ಕೈಯದು," ಎಂದ ಅಡವಯ್ಯ. "ಹತ್ತುತ್ತಿರುವುದು ಕಿರೀಟವೋ ಹೂವಿನ ಬುಟ್ಟಿಯೋ, ಏಣಿಗೇನು ಗೊತ್ತು ಪಾಪ?"

ರಾಜ ನಗಲು ಬಾಯಿ ತೆರೆದ. ಮೊದಲು ಬಂದದ್ದು ಸೀನು, ಆಮೇಲೆ ನಗು. ಏಣಿ ತೆಗೆಸಿ, ಆನೆಯನ್ನು ಕೂರಿಸಿ, ಮಾವುತನ ಹೆಗಲು ಹಿಡಿದು ಅಂಬಾರಿ ಹತ್ತಿದ. ತೀರ್ಪು ಮೇಲಿನಿಂದಲೇ ಬಂತು.

"ನಿಂಗಾಜಮ್ಮನ ಕೈ ಕೂಡುವವರೆಗೆ ಆಕೆಯ ಊಟ, ಔಷಧಿ ಆಚಾರಿಯ ಪಾಲು. ಆಕೆಯ ಬಲಗೈಯೂ ಅವನೇ. ಒಂದು ಸಂಜೆಯ ಮಾಲೆಯೂ ತಪ್ಪಕೂಡದು!"

ತನಗೆ ಮಡಿಸಿದ್ದ ಎಲೆಯನ್ನು ರಾಜ ಅವತ್ತು ಅಡವಯ್ಯನ ಕೈಗೇ ಕೊಟ್ಟ.

ಮಧ್ಯಾಹ್ನ ಆಚಾರಿ ಗುಡಿಯ ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಿಂಗಾಜಮ್ಮ ಎಡಗೈಯಲ್ಲಿ ಒಂದೊಂದೇ ಸೇವಂತಿಗೆ ಕೊಡುತ್ತಿದ್ದಳು. ಉಳಿ ಹಿಡಿದ ಕೈಗೆ ಬಾಳೆನಾರು ಒಗ್ಗಲಿಲ್ಲ. ಅರ್ಧ ಮಾಲೆಯಾಗುವಷ್ಟರಲ್ಲಿ ನಾರು ಪಟ್ಟೆಂದು ಹರಿದು ಹೂಗಳೆಲ್ಲ ಜಗುಲಿಯಿಂದ ಕೆಳಗೆ ಬಿದ್ದವು.

"ಥೂ! ಎಂಥಾ ನಾರು ಕೊಟ್ಟೆಯಮ್ಮಾ? ನಾರೇ ಸರಿಯಿಲ್ಲ!"

ನಿಂಗಾಜಮ್ಮ ಇನ್ನೊಂದು ನಾರು ಮುಂದೆ ಚಾಚಿದಳು.

"ನಾರು ಸರಿಯಾಗೇ ಇದೆ ಆಚಾರ್ರೇ. ನೀವು ಊಟ ಮಾಡಿಕೊಂಡು ಕಟ್ಟೋಕೆ ಕೂತಿದ್ದೀರೇನೋ?"