ಬಿರುಕು ನಿಂತ ಹಲಗೆ

ಹೊಳೆಯ ದಂಡೆಯ ಆಶ್ರಮದಲ್ಲಿ ಮರದ ನಾರನ್ನು ಅಂಟಿನಲ್ಲಿ ಕಲಸಿ, ಒತ್ತಿ, ಹಲಗೆ ಮಾಡುತ್ತಿದ್ದರು. ಗುರು ಸಿದ್ಧಬಸವಯ್ಯನವರ ಬಳಿ ಆ ಕೆಲಸ ಕಲಿತವನು ಮಾಚಯ್ಯ.

ಆಚೆ ದಡದ ಆಸ್ಪತ್ರೆಗೆ ರೋಗಿಗಳ ಮಂಚಕ್ಕೆ ಹಲಗೆ ಬೇಕಿತ್ತು. ಅಲ್ಲಿಗೆ ಹೋಗಿ ತಾನೇ ಸ್ವಂತವಾಗಿ ಮಾಡಿಕೊಡಬೇಕೆಂಬುದು ಮಾಚಯ್ಯನ ಬಹುದಿನದ ಆಸೆ. ಗುರುಗಳು ಹೂಂ ಅಂದರೆ ಬೆಳಗಿನ ದೋಣಿಗೇ ಹೊರಡುವವನಿದ್ದ.

ಅದಕ್ಕೆಂದೇ ಹೊಸ ಹಲಗೆಯೊಂದನ್ನು ತಂದು ಮುಂದಿಟ್ಟ. ಒರಟು ನಾರನ್ನೆಲ್ಲ ಜರಡಿ ಹಿಡಿದು ತೆಗೆದು, ಹಿಟ್ಟಿನಂಥದ್ದನ್ನೇ ಒತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇದು ಮಾತ್ರ ಕಂಡವರಿಗೆಲ್ಲ ಮುದ್ದು ಬರುವಂಥದ್ದೇ.

ಗುರುಗಳೂ ಕೈಯಾಡಿಸಿ ಮೆಚ್ಚಿದರು. ಹಿಂದೆ ಒರಟು ನಾರಿನಲ್ಲಿ ಮಾಡಿ ಬಿರುಕು ಬಿಟ್ಟಿದ್ದ ಹಲಗೆಗಳನ್ನು ಏನು ಮಾಡಿದೆ ಎಂದು ವಿಚಾರಿಸಿದರು.

“ಒಲೆಗೆ ಅಂತ ರಾಶಿ ಹಾಕಿದೀನಿ ಗುರುಗಳೇ. ಇದರಲ್ಲಿ ಒಂದು ಗೆರೆನೂ ಇಲ್ಲ.”

“ಹಾಗಾದರೆ ಇದು ಹೇಗೆ ಸೀಳುತ್ತೆ ಅಂತ ನಿನಗೆ ಗೊತ್ತಿಲ್ಲ.”

ಗುರುಗಳು ಗರಗಸ ತೆಗೆದು ಹಲಗೆಯ ಅಂಚಿನ ನಡುವೆ ಬೆರಳುದ್ದ ಕೊಯ್ದೇಬಿಟ್ಟರು. ಮಾಚಯ್ಯ ತಡೆಯಲು ಕೈ ಚಾಚಿದ.

ಕೊಯ್ದ ಅಂಚು ಕೆಳಗಾಗುವಂತೆ ಹಲಗೆಯನ್ನು ಎರಡು ಕಲ್ಲುಗಳ ಮೇಲೆ ನಿಲ್ಲಿಸಿ, ಮಧ್ಯಕ್ಕೆ ಒಂದು ಕೊಡ ತೂಗುಹಾಕಿದರು. ಇದ್ದಿಲ ಚೂರೊಂದನ್ನು ಶಿಷ್ಯನಿಗೆ ಕೊಟ್ಟು, ಕೊಡಕ್ಕೆ ಒಂದೊಂದು ಚೊಂಬು ನೀರು ಬಿದ್ದಾಗಲೂ ಬಿರುಕಿನ ತುದಿಗೆ ಗುರುತು ಹಾಕು ಎಂದರು.

ಗುರುತು ಹಾಕಲು ಪುರುಸೊತ್ತೇ ಸಿಗಲಿಲ್ಲ. ಕೊಡ ಅರ್ಧವಾಗುವ ಮೊದಲೇ ಹಲಗೆ ಟಪ್ಪನೆ ಎರಡು ತುಂಡಾಯಿತು.

ಗುರುಗಳು ಒಲೆಯ ರಾಶಿಯಿಂದ ಒಂದು ಒರಟು ಹಲಗೆ ಎತ್ತಿಕೊಂಡು ಬಂದರು. ಅದಕ್ಕೂ ಅಷ್ಟೇ ಉದ್ದ ಕೊಯ್ದು, ಹಾಗೇ ನಿಲ್ಲಿಸಿ, ನೀರು ಹೊಯ್ಯತೊಡಗಿದರು.

ಕೊಯ್ದಲ್ಲಿಂದ ಬಿರುಕು ಸ್ವಲ್ಪ ಮೇಲೇರಿ ನಿಂತಿತು. ಮಾಚಯ್ಯ ಗುರುತು ಹಾಕಿದ. ಇನ್ನೊಂದು ಚೊಂಬಿಗೆ ಮತ್ತೆ ಏರಿ, ಮತ್ತೆ ನಿಂತಿತು. ಬಗ್ಗಿ ನೋಡಿದರೆ, ಅವನು ಜರಡಿ ಹಿಡಿದು ಬಿಸಾಡುತ್ತಿದ್ದಂಥ ಉದ್ದ ನಾರುಗಳು ಬಿರುಕಿನ ಎರಡೂ ಬದಿಯನ್ನು ಹಿಡಿದುಕೊಂಡಿದ್ದವು. ಕೊಡ ತುಂಬಿತು. ಹಲಗೆ ಬಿರುಕು ಹೊತ್ತುಕೊಂಡೇ ನಿಂತಿತ್ತು.

ಮಾಚಯ್ಯನಿಗೆ ಆಚೆ ದಡದ ಮಂಚಗಳು ಕಣ್ಣಿಗೆ ಕಟ್ಟಿದವು. ಅವುಗಳ ಮೇಲೆ ಮಲಗುವವರನ್ನು ನೆನೆದು ನಾಚಿಕೆಯಾಯಿತು, ಭಯವೂ ಆಯಿತು.

“ಹಾಗಾದರೆ ನಾನು ಹೋಗೋದು ಬೇಡವಾ, ಗುರುಗಳೇ?”

ಸಿದ್ಧಬಸವಯ್ಯನವರು ಗರಗಸವನ್ನು ಒರೆಸಿ ಅವನ ಕೈಗಿಟ್ಟರು.

“ಹೋಗು. ಇದನ್ನು ಜೊತೆಗೆ ಇಟ್ಟುಕೋ. ಯಾವ ಹಲಗೆ ಕೊಯ್ಯೋಕೆ ನಿನಗೆ ಕೈ ಬರೋದಿಲ್ಲವೋ, ಅದನ್ನೇ ಮೊದಲು ಕೊಯ್ಯಿ.”