ಮುಳ್ಳಪ್ಪ ಮೇಷ್ಟ್ರ ಹಾಜರಿ

ಒಂದು ಕಾಡಿನಲ್ಲಿ ಒಂದು ಹೊಳೆ. ಹೊಳೆಯ ಈಚೆ ದಡದ ಹೊಂಗೆ ಮರದ ಕೆಳಗೆ ಒಂದು ಶಾಲೆ. ಆ ಶಾಲೆಗೆ ಒಬ್ಬರೇ ಮೇಷ್ಟ್ರು, ಮುಳ್ಳುಹಂದಿ ಮುಳ್ಳಪ್ಪನವರು. ಅವರು ಮಕ್ಕಳಿಗೆ ಎಂದೂ ಬೆನ್ನು ತಿರುಗಿಸಿದವರಲ್ಲ. ಬೋರ್ಡಿನ ಮೇಲೆ ಬರೆಯುವಾಗಲೂ ಮುಖ ಮಕ್ಕಳ ಕಡೆಗೇ. ಬೆನ್ನಿನ ಮುಳ್ಳು ಯಾವ ಮಗುವಿಗೂ ತಾಗಬಾರದೆಂದು ಅವರ ಎಚ್ಚರ.

ಅವರು ಹಾಜರಿ ತೆಗೆದುಕೊಳ್ಳುವ ಕ್ರಮವೇ ಬೇರೆ. ಹೆಸರು ಕರೆದಾಗ 'ಬಂದಿದ್ದೀನಿ ಸಾರ್' ಅಂದರೆ ಸಾಲದು. ಬರುವ ದಾರಿಯಲ್ಲಿ ಕಂಡದ್ದೊಂದನ್ನು ಹೇಳಬೇಕು. ಒಬ್ಬರು ಇರುವೆ ಸಾಲು ಕಂಡೆ ಅಂದರೆ, ಇನ್ನೊಬ್ಬರು ಉದುರಿದ ನೇರಳೆ ಹಣ್ಣು ಕಂಡೆ ಅನ್ನುತ್ತಿದ್ದರು. ಅದಾದ ಮೇಲೆಯೇ ಪಾಠ.

ಮಳೆಗಾಲದಲ್ಲಿ ಹೊಳೆ ತುಂಬುತ್ತಿತ್ತು. ಆಗ ಆಚೆ ದಡದ ಮಕ್ಕಳಿಗೆ ನಾಲ್ಕು ತಿಂಗಳು ಶಾಲೆ ಇಲ್ಲ. ಹೋದ ವರ್ಷ ಗರಿಕೆ ಎಂಬ ಮೊಲದ ಹುಡುಗಿ ಮಳೆ ನಿಂತ ಮೇಲೆ ಬಂದಳು. ಕಲಿತದ್ದೆಲ್ಲ ಮರೆತುಹೋಗಿತ್ತು. ಸ್ಲೇಟು ಹಿಡಿದುಕೊಂಡು ಸುಮ್ಮನೆ ಅತ್ತಳು. ಮೇಷ್ಟ್ರು ಅದನ್ನು ಮರೆಯಲಿಲ್ಲ.

ಈ ವರ್ಷ ಕಾಡಿನ ಹಿರಿಯಳಾದ ಆನೆಯಜ್ಜಿ ಮನೆಗೊಂದು ಪರದೆ ಕೊಡಿಸಿದಳು. ಸ್ವಲ್ಪ ಬಿಸಿಲು ಕುಡಿದರೆ ದಿನವಿಡೀ ಬೆಳಗುವ ಪರದೆ. ಅದನ್ನು ಮುಟ್ಟಿದರೆ ಮೇಷ್ಟ್ರು ಮನೆಯಲ್ಲೇ ಕಾಣಿಸುತ್ತಿದ್ದರು. ಪರದೆ ಹೊಂದಿಸಿಕೊಡಲು ಬಂದವನು ಉದ್ದ ಬಾಲದ ಮುಸುವ, ಜೋಕಾಲಣ್ಣ.

"ಮೇಷ್ಟ್ರೇ, ಹಾಜರಿ ಇನ್ನು ನಿಮ್ಮ ಕೆಲಸ ಅಲ್ಲ. ಇಲ್ಲಿ ಹೆಸರು ಬೆಳಗಿದರೆ ಮಗು ಬಂದಿದೆ ಅಂತ ಅರ್ಥ," ಎಂದ.

"ದಾರಿಯಲ್ಲಿ ಕಂಡದ್ದು?"

"ಎಲ್ಲರೂ ಮನೆಯಲ್ಲೇ ಕೂತಿರ್ತಾರೆ, ಇನ್ನೆಲ್ಲಿ ದಾರಿ? ಆ ಹಳೇ ಕಾಲದ್ದನ್ನೆಲ್ಲ ಬಿಟ್ಟುಬಿಡಿ."

ಹಳಬ ಅನ್ನಿಸಿಕೊಳ್ಳಲು ಮೇಷ್ಟ್ರಿಗೆ ನಾಚಿಕೆಯಾಯಿತು. ಬಿಟ್ಟುಬಿಟ್ಟರು.

ಪಾಠ ಚೆನ್ನಾಗಿಯೇ ನಡೆಯಿತು. ಹೊರಗೆ ಹೊಳೆ ಭೋರ್ಗರೆಯುತ್ತಿದ್ದರೂ ಗರಿಕೆ ಒಂದು ದಿನವೂ ತಪ್ಪಿಸಲಿಲ್ಲ. ಅವಳ ಉದ್ದ ಕಿವಿ ಪರದೆಯಲ್ಲಿ ಪೂರ್ತಿ ಕಾಣುತ್ತಿರಲಿಲ್ಲ, ಆದರೆ ಉತ್ತರಗಳೆಲ್ಲ ಸರಿಯಾಗಿರುತ್ತಿದ್ದವು. ದಿನವೂ ಪಾಠ ಮುಗಿದ ಮೇಲೆ ಮೇಷ್ಟ್ರು ಮುತ್ತುಗದ ಎಲೆಯಿಂದ ಪರದೆ ಒರೆಸಿ, ಜೋಪಾನವಾಗಿ ಎತ್ತಿಡುತ್ತಿದ್ದರು.

ಒಂದು ಹೆಸರಿನ ಹಿಂದೆ ಮಾತ್ರ ಮುಖ ಇರುತ್ತಿರಲಿಲ್ಲ. ಅದು ಈಚೆ ದಡದ ಜಿಂಕೆ ಮರಿ ಹೊನ್ನಿಯ ಹೆಸರು.

"ಯಾಕಮ್ಮ ಹೊನ್ನಿ, ಮುಖ ತೋರಿಸಲ್ಲ?"

"ನೆಟ್ ಸರಿಯಿಲ್ಲ ಸಾರ್. ಗಂಟಲೂ ಕಟ್ಟಿದೆ," ಎಂದು ಒಡಕು ದನಿ ಬಂತು.

"ಅಯ್ಯೋ ಪಾಪ, ಹುಷಾರು," ಎಂದು ಮೇಷ್ಟ್ರು ಮುಂದಕ್ಕೆ ಹೋದರು.

ಆ ತಿಂಗಳು ಅಡಗುವ ಪಾಠ. ಅಪಾಯ ಬಂದಾಗ ಎಲ್ಲಿ ಅವಿತುಕೊಳ್ಳುತ್ತೀರಿ ಎಂದು ಮೇಷ್ಟ್ರು ಕೇಳಿದರು. ಒಬ್ಬೊಬ್ಬರೂ ತಮ್ಮ ಜಾಗ ಹೇಳಿದರು. ಈಚೆ ದಡದ ಗೌಜಲಹಕ್ಕಿಯ ಮರಿ ಚುಕ್ಕಿ, "ಕಳ್ಳಿ ಪೊದೆಯ ಹಿಂದಿನ ಹುಲ್ಲಿನಲ್ಲಿ," ಎಂದಿತು. ಮರುದಿನವೇ ನರಿಯೊಂದು ನೆಟ್ಟಗೆ ಆ ಹುಲ್ಲಿಗೆ ನುಗ್ಗಿತು. ಚುಕ್ಕಿ ಬಾಲದ ಎರಡು ಗರಿ ಕಳೆದುಕೊಂಡು ಹೇಗೋ ಬದುಕಿಕೊಂಡಿತು.

ಆನೆಯಜ್ಜಿ ಸಭೆ ಕರೆದಳು.

"ಆ ಜಾಗ ಗೊತ್ತಿದ್ದದ್ದು ನಿಮ್ಮ ತರಗತಿಗೆ ಮಾತ್ರ ಮೇಷ್ಟ್ರೇ. ನರಿಯ ಕಿವಿಗೆ ಹೇಗೆ ಬಿತ್ತು?"

ಮೇಷ್ಟ್ರು ಒಬ್ಬೊಬ್ಬ ಮಗುವಿನ ಹೆಸರನ್ನೂ ಮನಸ್ಸಿನಲ್ಲೇ ಎಣಿಸಿ ನೋಡಿದರು.

"ಮೂರು ದಿನ ನೋಡ್ತೀನಿ. ಗೊತ್ತಾಗದೇ ಇದ್ದರೆ ಪರದೆಗಳನ್ನೆಲ್ಲ ಹೊಳೆಗೆ ಹಾಕಿಸ್ತೀನಿ. ಓದು ಹೋದರೆ ಮತ್ತೆ ಬಂದೀತು, ಮಕ್ಕಳು ಬರ್ತಾರಾ?"

ಅಜ್ಜಿಯ ಮಾತು ಸರಿಯಾಗಿಯೇ ಇತ್ತು. ಆದರೂ ಮೇಷ್ಟ್ರಿಗೆ ಸ್ಲೇಟು ಹಿಡಿದು ಅಳುತ್ತಿದ್ದ ಗರಿಕೆಯ ಮುಖ ಕಣ್ಣಿಗೆ ಕಟ್ಟಿತು.

ಮೊದಲ ದಿನ ಏನೂ ತಿಳಿಯಲಿಲ್ಲ. ಎರಡನೆಯ ದಿನ ಮೇಷ್ಟ್ರು ಮಂಕಾಗಿ ಪರದೆಯ ಮುಂದೆ ಕೂತಿದ್ದರು.

"ಮೇಷ್ಟ್ರೇ, ದಾರಿಯಲ್ಲಿ ಕಂಡದ್ದು ಯಾಕೆ ಈಗ ಕೇಳಲ್ಲ ನೀವು?" ಎಂದಳು ಗರಿಕೆ.

"ಈಗ ದಾರಿ ಎಲ್ಲಿದೆ ಮಗೂ?"

"ಮನೆಯಲ್ಲಿದ್ದರೂ ಕಣ್ಣು ಮುಚ್ಚಿಕೊಂಡಿರ್ತೀವಾ? ಹೇಳೋದು ಎಷ್ಟೊಂದಿದೆ, ಯಾರೂ ಕೇಳಲ್ಲ."

ಮೇಷ್ಟ್ರು ಹಳೆಯ ಹಾಜರಿ ಪುಸ್ತಕ ತೆರೆದರು.

ಗರಿಕೆ ತನ್ನ ತಮ್ಮನಿಗೆ ಹಲ್ಲು ಬಂದದ್ದನ್ನು ಹೇಳಿದಳು. ಅಳಿಲು ಮರಿ ನೀರಿನಲ್ಲಿ ತೇಲಿಹೋದ ಜೇಡನ ಬಲೆಯ ಕಥೆ ಹೇಳಿತು. ಚುಕ್ಕಿ, "ನನ್ನ ಬಾಲ ಕಂಡೆ. ಚಿಗುರ್ತಾ ಇದೆ," ಎಂದಿತು. ಎಲ್ಲರೂ ನಕ್ಕರು.

"ಹೊನ್ನಿ, ನೀನೇನು ಕಂಡೆ?"

"ಕಾಡುಕೋಳಿಯ ಮೊಟ್ಟೆ ಸಾರ್. ಬಿದಿರು ಮೆಳೆಯ ಬುಡದಲ್ಲಿ. ಬಿಸಿಯಾಗಿತ್ತು. ಒಳಗೆ ಹಳದಿ ಅಂದರೆ ಹಳದಿ, ಬೆಣ್ಣೆ ಹಾಗೆ," ಎಂದಿತು ಒಡಕು ದನಿ. ಹೇಳುತ್ತಾ ಹೇಳುತ್ತಾ ಅದು ಬಾಯಿ ಚಪ್ಪರಿಸಿದ್ದೂ ಕೇಳಿಸಿತು.

ಹುಲ್ಲು ತಿನ್ನುವ ಮಗುವಿಗೆ ಮೊಟ್ಟೆಯ ಹಳದಿ ಬೆಣ್ಣೆಯ ಹಾಗಿರುವುದು ಹೇಗೆ ಗೊತ್ತು? ಮೇಷ್ಟ್ರ ಬೆನ್ನಿನ ಮುಳ್ಳೆಲ್ಲ ನಿಧಾನವಾಗಿ ನಿಮಿರಿದವು. ಮುಖದಲ್ಲಿ ಮಾತ್ರ ಏನೂ ತೋರಲಿಲ್ಲ.

"ಚೆನ್ನಾಗಿ ನೋಡಿದ್ದೀಯಮ್ಮ," ಎಂದು ಆ ದಿನದ ಪಾಠ ಮುಗಿಸಿದರು.

ಕೂಡಲೇ ಜೋಕಾಲಣ್ಣನನ್ನು ಹೊನ್ನಿಯ ಮನೆಗೆ ಓಡಿಸಿದರು. ಅವನು ಮುಖ ಸಣ್ಣ ಮಾಡಿಕೊಂಡು ಬಂದ.

"ಅವರ ಮನೆಯವರು ಮೇಲಿನ ಗುಡ್ಡಕ್ಕೆ ಹೋಗಿ ತಿಂಗಳಾಯ್ತಂತೆ ಮೇಷ್ಟ್ರೇ. ಅವಸರದಲ್ಲಿ ಪರದೆ ಮರದ ಬುಡದಲ್ಲೇ ಮರೆತಿದ್ದಾರೆ. ಈಗ ಅದು ಅಲ್ಲಿಲ್ಲ."

ಮೇಷ್ಟ್ರು ಹೊನ್ನಿಯ ಹೆಸರೊಂದಕ್ಕೇ ಕರೆ ಮಾಡಿದರು.

"ನೀನು ಪಾಠದಲ್ಲಿ ಹಿಂದೆ ಬಿದ್ದಿದ್ದೀಯಮ್ಮ. ನಾಳೆ ಮಧ್ಯಾಹ್ನ ಹುತ್ತದ ಪಕ್ಕದ ಬಿಲಕ್ಕೆ ಬಾ. ಅಡಗುವ ಪಾಠದಲ್ಲಿ ಉಳಿದದ್ದನ್ನು ತೋರಿಸ್ತೀನಿ."

"ಬೇರೆ ಮಕ್ಕಳೂ ಇರ್ತಾರಾ ಸಾರ್?" ದನಿಯಲ್ಲಿ ಜೊಲ್ಲಿತ್ತು.

"ಪಾಠಕ್ಕೆ ಬೇಕಾದದ್ದೆಲ್ಲ ಇರುತ್ತೆ."

ಮರುದಿನ ಮಧ್ಯಾಹ್ನ ನರಿ ಪರದೆಯನ್ನು ಬಾಯಲ್ಲಿ ಕಚ್ಚಿಕೊಂಡು ಬಂತು. ಅತ್ತ ಇತ್ತ ನೋಡಿತು. ಪರದೆಯನ್ನು ಹೊರಗಿಟ್ಟು, ಹಸಿದ ಬಾಯಿ ತೆರೆದುಕೊಂಡು ಬಿಲದೊಳಗೆ ತಲೆ ತೂರಿಸಿತು. ಒಳಗೆ ಮುಳ್ಳಪ್ಪ ಮೇಷ್ಟ್ರು ಕೂತಿದ್ದರು. ತಮ್ಮ ಆಯುಷ್ಯದಲ್ಲಿ ಮೊದಲ ಸಲ ಅವರು ಶಿಷ್ಯರೊಬ್ಬರಿಗೆ ಬೆನ್ನು ತಿರುಗಿಸಿ ಕೂತಿದ್ದರು.

ನರಿಯ ಕೂಗು ಗುಡ್ಡದವರೆಗೂ ಕೇಳಿಸಿತು. ಅದು ಮತ್ತೆ ಆ ಕಾಡಿನ ಕಡೆ ತಲೆ ಹಾಕಲಿಲ್ಲ.

ಆನೆಯಜ್ಜಿ ಪರದೆಗಳನ್ನು ಉಳಿಸಿದಳು. ಹೊನ್ನಿಯ ಪರದೆಯನ್ನು ಜೋಕಾಲಣ್ಣ ತಾನೇ ಹೊತ್ತು ಗುಡ್ಡ ಹತ್ತಿ ಕೊಟ್ಟು ಬಂದ. ಬಂದವನು ಮೇಷ್ಟ್ರ ಎದುರು ನಿಂತು, "ಹಳೇ ಕಾಲದ್ದು ಅಂದುಬಿಟ್ಟೆ. ತಪ್ಪಾಯ್ತು," ಎಂದ.

"ನೀನು ಈ ಪರದೆ ಹೊಂದಿಸಿಕೊಡದೇ ಇದ್ದಿದ್ದರೆ ಗರಿಕೆ ಈ ಸಲವೂ ಅಳುತ್ತಿದ್ದಳಪ್ಪ. ನಿನ್ನ ಉಪಕಾರ ದೊಡ್ಡದು. ಕೇಳೋದು ಬಿಟ್ಟವನು ನಾನು," ಎಂದರು ಮೇಷ್ಟ್ರು.

ಮಾರನೆಯ ದಿನ ಹಾಜರಿ ನಡೆಯಿತು. ಚುಕ್ಕಿ, "ಒಂದು ನರಿ ಕಂಡೆ. ಮೂಗಿಗೆ ಮೀಸೆ ಜಾಸ್ತಿ ಬಂದಿತ್ತು," ಎಂದಿತು. ಹೊನ್ನಿ ಮುಖ ತೋರಿಸಿ, ಗುಡ್ಡದ ಮೇಲಿನ ಮೋಡದ ಮಾತು ಹೇಳಿದಳು. ಕೊನೆಗೆ ಗರಿಕೆ ಕೇಳಿದಳು.

"ಮೇಷ್ಟ್ರೇ, ನೀವು ಏನು ಕಂಡಿರಿ?"

ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಹೊಳೆ ಕಂಡೆ. ತುಂಬಿ ಹರೀತಾ ಇತ್ತು. ಮಳೆಯಲ್ಲಿ ಆಚೆ ದಡ ಕಾಣಿಸಲೇ ಇಲ್ಲ," ಎಂದರು. "ಇಲ್ಲಿ ಬಂದು ಕೂತರೆ, ಆಚೆ ದಡದ ಹುಡುಗಿ ನನ್ನ ಎದುರಿಗೇ ಇದ್ದಳು."

ಆಮೇಲೆ ಪಾಠ ಶುರುವಾಯಿತು.

ನೀತಿ: ದೂರದ ಮಗುವನ್ನು ಹತ್ತಿರ ತರುವ ಹೊಸ ಸಾಧನಕ್ಕೆ ಕೃತಜ್ಞರಾಗಿರಬೇಕು, ಆದರೆ ಎದುರಿಗಿರುವುದು ಆ ಮಗುವೇ ಎಂದು ತಿಳಿಯುವ ಕೆಲಸವನ್ನು ಸಾಧನಕ್ಕೆ ಬಿಟ್ಟುಕೊಡಬಾರದು.